ಕ್ಯೂಆರ್ ಫಲಕ ತೆಗೆದರೆ ತೆರಿಗೆ ತಪ್ಪುತ್ತದೆಯೇ? ನಂಜನಗೂಡು, ನರಸೀಪುರದ ಸಣ್ಣ ಅಂಗಡಿಗಳ ಲೆಕ್ಕ

2025ರ ಜುಲೈ ತಿಂಗಳ ಒಂದು ಬೆಳಿಗ್ಗೆ ನಂಜನಗೂಡಿನ ನಮ್ಮ ದಿನಸಿ ಅಂಗಡಿಗೆ ದೇವಸ್ಥಾನದ ಕಡೆ ಪೂಜೆ ಸಾಮಾನು ಮಾರುವ ಹೆಣ್ಣುಮಗಳೊಬ್ಬರು ಬಂದರು. ಕೈಯಲ್ಲಿ ಯುಪಿಐ ಕ್ಯೂಆರ್ ಫಲಕ. "ಯಜಮಾನ್ರೇ, ಇದನ್ನ ತೆಗೆದು ಒಳಗಿಟ್ಟುಬಿಡ್ಲಾ? ಬೆಂಗಳೂರಲ್ಲಿ ಎಲ್ಲರಿಗೂ ನೋಟಿಸ್ ಬಂದಿದೆಯಂತೆ" ಎಂದರು. ಅದೇ ವಾರ ಇನ್ನೂ ನಾಲ್ಕೈದು ಜನ ಇದೇ ಪ್ರಶ್ನೆ ಕೇಳಿದರು. ಅವರಲ್ಲಿ ನಮ್ಮ ಸಮಾಜದವರೂ ಇದ್ದರು. ನಮ್ಮಲ್ಲಿ ಅಂಗಡಿಯನ್ನೇ ನಂಬಿ ಬದುಕುವ ಕುಟುಂಬಗಳು ಬಹಳ. ಅದಕ್ಕೇ ನನಗೆ ತಿಳಿದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಆಡಿಟರ್ ಅಲ್ಲ, ಓದಿದ್ದು ಪಿಯುಸಿ. ನಲವತ್ತು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಅನುಭವ ಮತ್ತು ನಾಲ್ಕು ಜನರ ಕಾಗದಪತ್ರ ನೋಡಿಕೊಟ್ಟ ಅಭ್ಯಾಸ, ಇಷ್ಟೇ ನನ್ನ ಬಂಡವಾಳ.

ಮೊದಲು ಆಗಿದ್ದೇನು ಎಂದು ಹೇಳುತ್ತೇನೆ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಹಣದ ಲೆಕ್ಕ ತರಿಸಿಕೊಂಡು, ಮಿತಿ ಮೀರಿದ್ದರೂ ಜಿಎಸ್‌ಟಿ ನೋಂದಣಿ ಮಾಡಿಸದ ಸಾವಿರಾರು ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ರೂಪಾಯಿಯ ನೋಟಿಸ್ ಬಂದದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಬೆಂಗಳೂರಿನ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಚೀಟಿ ಬಿತ್ತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕಾದವರು ಮಾಡಿಸಿಕೊಳ್ಳಲೇಬೇಕು ಎಂದರು. ಗಲಾಟೆ ಅಲ್ಲಿಗೆ ತಣ್ಣಗಾಯಿತು. ಕಾನೂನು ಮಾತ್ರ ಇದ್ದ ಹಾಗೇ ಇದೆ.

ಕ್ಯೂಆರ್ ಫಲಕ ತೆಗೆದರೆ ವಹಿವಾಟು ಕಡಿಮೆ ಆಗುವುದಿಲ್ಲ. ನಗದಿನಲ್ಲಿ ಮಾರಿದ್ದೂ ವಹಿವಾಟೇ. ಮೈಸೂರಿನ ಸಂತೇಪೇಟೆಯ ಸಗಟು ವ್ಯಾಪಾರಿ ನಮಗೆ ಮಾರಿದ್ದು ಅವರ ಲೆಕ್ಕದಲ್ಲಿ ಇದ್ದೇ ಇರುತ್ತದೆ, ನಾವು ಬ್ಯಾಂಕಿಗೆ ಕಟ್ಟಿದ ನಗದು ಪಾಸ್‌ಬುಕ್ಕಿನಲ್ಲಿ ಕೂತಿರುತ್ತದೆ. ಫಲಕ ತೆಗೆದರೆ ಹೋಗುವುದು ಗಿರಾಕಿ ಮಾತ್ರ. ಈಗಿನ ಹುಡುಗರ ಜೇಬಿನಲ್ಲಿ ಹತ್ತು ರೂಪಾಯಿ ನೋಟೂ ಇರುವುದಿಲ್ಲ.

ಹಾಗಾದರೆ ಮಿತಿ ಎಷ್ಟು? ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂ. ಹೋಟೆಲ್, ದುರಸ್ತಿ, ಸಾರಿಗೆಯಂಥ ಸೇವೆ ಇದ್ದರೆ 20 ಲಕ್ಷ ರೂ. ಬಹಳ ಜನ ಎಡವುವುದು ಇಲ್ಲಿಯೇ. ದೇವಸ್ಥಾನದ ಹತ್ತಿರ ಇಡ್ಲಿ, ಕಾಫಿ ಮಾರುವ ಸಣ್ಣ ಹೋಟೆಲಿನವರು "ನಮಗೆ 40 ಲಕ್ಷ" ಎಂದುಕೊಂಡಿರುತ್ತಾರೆ. ಅವರದ್ದು 20. ದಿನಕ್ಕೆ ಐದೂವರೆ ಸಾವಿರದ ವ್ಯಾಪಾರವಾದರೆ ಮಿತಿ ಮುಟ್ಟಿದಂತೆ. ಅಂಗಡಿಯ ಮೂಲೆಯಲ್ಲಿ ಜೆರಾಕ್ಸ್ ಯಂತ್ರ ಇಟ್ಟುಕೊಂಡವರೂ ಇದನ್ನು ಗಮನಿಸಬೇಕು, ಜೆರಾಕ್ಸ್ ಕೂಡ ಸೇವೆಯೇ.

ಇನ್ನು 40 ಲಕ್ಷ ಎಂದರೆ ಕೇಳುವುದಕ್ಕೆ ದೊಡ್ಡ ಮೊತ್ತ. ಬಿಡಿಸಿ ನೋಡಿ. ದಿನಕ್ಕೆ ಸುಮಾರು 11 ಸಾವಿರ ರೂಪಾಯಿ ವ್ಯಾಪಾರ. ದಿನಸಿಯಲ್ಲಿ ನೂರಕ್ಕೆ ಐದು ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 2 ಲಕ್ಷ, ತಿಂಗಳಿಗೆ ಹದಿನಾರು ಹದಿನೇಳು ಸಾವಿರ. ಇದರಲ್ಲೇ ಬಾಡಿಗೆ, ಕರೆಂಟು, ಹುಡುಗನ ಸಂಬಳ, ಇಲಿ ತಿಂದ ಮೂಟೆ, ವಾಪಸ್ ಬಾರದ ಉದ್ರಿ ಎಲ್ಲವೂ ಕಳೆಯಬೇಕು. ನೋಟಿಸ್ ಕಳಿಸುವವರಿಗೆ ಕಾಣುವುದು 40 ಲಕ್ಷ, ಅಂಗಡಿಯವನ ಮನೆಗೆ ಬರುವುದು ಕೂಲಿಯಷ್ಟು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಮಾರಾಟ ನೋಡುತ್ತಾರೆ, ಇನ್ನೊಬ್ಬರು ಉಳಿಕೆ ನೋಡುತ್ತಾರೆ.

ಈಗ ಪೂಜೆ ಸಾಮಾನಿನ ತಾಯಿಯ ಪ್ರಶ್ನೆಗೆ ಬರೋಣ. ಅವರು ಮಾರುವ ತೆಂಗಿನಕಾಯಿ, ಬಾಳೆಹಣ್ಣು, ಬಿಡಿ ಹೂವು, ವೀಳ್ಯದೆಲೆ, ಕುಂಕುಮ, ವಿಭೂತಿ ಇವಕ್ಕೆಲ್ಲ ತೆರಿಗೆ ಇಲ್ಲ. ತೆರಿಗೆ ವಿನಾಯಿತಿ ಇರುವ ಸರಕನ್ನು ಮಾತ್ರ ಮಾರುವವರು ಎಷ್ಟೇ ವ್ಯಾಪಾರ ಮಾಡಿದರೂ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹಣ್ಣು, ತರಕಾರಿ, ಹೂವಿನವರಿಗೆ ನೋಟಿಸ್ ಬಂದರೆ, ತಾವು ಮಾರುವುದು ಇದನ್ನೇ ಎಂದು ಖರೀದಿ ಚೀಟಿಯ ಸಮೇತ ಉತ್ತರ ಕೊಟ್ಟರೆ ಸಾಕು. ಉತ್ತರ ಕೊಡದೆ ಸುಮ್ಮನೆ ಕೂರಬಾರದು, ಅಷ್ಟೆ.

ಆದರೆ ಆ ತಾಯಿಯ ಅಂಗಡಿಯಲ್ಲಿ ಊದುಬತ್ತಿಯೂ ಇತ್ತು. ಊದುಬತ್ತಿಗೆ ಶೇ 5 ತೆರಿಗೆ. ಒಂದು ಪೊಟ್ಟಣ ಊದುಬತ್ತಿ ಇಟ್ಟ ಕೂಡಲೇ "ವಿನಾಯಿತಿ ಸರಕು ಮಾತ್ರ" ಎಂಬ ಮಾತು ನಿಲ್ಲುವುದಿಲ್ಲ. ಆಗ 40 ಲಕ್ಷದ ಲೆಕ್ಕ ಶುರುವಾಗುತ್ತದೆ, ಆ ಲೆಕ್ಕಕ್ಕೆ ತೆಂಗಿನಕಾಯಿ, ಬಾಳೆಹಣ್ಣಿನ ವ್ಯಾಪಾರವೂ ಸೇರುತ್ತದೆ. ಅವರ ವಹಿವಾಟು ಮಿತಿಯ ಹತ್ತಿರಕ್ಕೂ ಇರಲಿಲ್ಲವಾದ್ದರಿಂದ ಫಲಕವನ್ನು ಮೊದಲಿನ ಜಾಗದಲ್ಲೇ ತೂಗುಹಾಕಿ ಎಂದು ಹೇಳಿ ಕಳಿಸಿದೆ.

ದಿನಸಿ ಅಂಗಡಿಯವರಿಗೂ ಇದೇ ಲೆಕ್ಕ. ಬಿಡಿ ಅಕ್ಕಿ, ರಾಗಿ, ಬೇಳೆಯ ವ್ಯಾಪಾರ 35 ಲಕ್ಷ, ಸಕ್ಕರೆ, ಎಣ್ಣೆ, ಸೋಪು, ಬಿಸ್ಕತ್ತಿನದು 6 ಲಕ್ಷ ಎಂದುಕೊಳ್ಳಿ. ಒಟ್ಟು 41 ಲಕ್ಷ, ನೋಂದಣಿ ಕಡ್ಡಾಯ. "ತೆರಿಗೆ ಇರುವುದು ಆರೇ ಲಕ್ಷಕ್ಕೆ ತಾನೆ?" ಎಂದು ವಾದಿಸಿದರೆ ಪ್ರಯೋಜನವಿಲ್ಲ. ಆದರೆ ಹೆದರಬೇಕಾಗಿಯೂ ಇಲ್ಲ. ವರ್ಷಕ್ಕೆ ಒಂದೂವರೆ ಕೋಟಿಯವರೆಗಿನ ವ್ಯಾಪಾರಿಗಳಿಗೆ ಕಾಂಪೊಸಿಷನ್ ಎಂಬ ರಾಜಿ ತೆರಿಗೆ ಇದೆ. ಅದರಲ್ಲಿ ವ್ಯಾಪಾರಿ ಕಟ್ಟಬೇಕಾದದ್ದು ತೆರಿಗೆ ಇರುವ ಸರಕಿನ ಮಾರಾಟದ ಮೇಲೆ ಶೇ 1. ಮೇಲಿನ ಉದಾಹರಣೆಯಲ್ಲಿ ವರ್ಷಕ್ಕೆ 6,000 ರೂ. ಮಾತ್ರ! ಹೋಟೆಲಿನವರಿಗೆ ಶೇ 5. ಮೂರು ತಿಂಗಳಿಗೊಮ್ಮೆ ಸಿಎಂಪಿ-08ರಲ್ಲಿ ತೆರಿಗೆ ಕಟ್ಟಬೇಕು, ವರ್ಷಕ್ಕೊಮ್ಮೆ ಜಿಎಸ್‌ಟಿಆರ್-4 ಸಲ್ಲಿಸಬೇಕು. ತಡವಾದರೆ ದಿನಕ್ಕೆ ಇಷ್ಟು ಎಂದು ದಂಡ ಬೀಳುತ್ತದೆ. ಸಣ್ಣವರಿಗೆ ತೆರಿಗೆಗಿಂತ ಆಡಿಟರ್ ಶುಲ್ಕ ಮತ್ತು ಈ ದಂಡವೇ ಹೆಚ್ಚಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಾಂಪೊಸಿಷನ್‌ನವರು ಗಿರಾಕಿಯಿಂದ ತೆರಿಗೆ ಎಂದು ಬೇರೆ ವಸೂಲು ಮಾಡುವಂತಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ, ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ವಜಾ ಮಾಡಿಕೊಳ್ಳುವಂತಿಲ್ಲ. ಈ ಕೊನೆಯ ಷರತ್ತು ನಮ್ಮ ಮನೆಗೇ ಪೆಟ್ಟು ಕೊಟ್ಟಿತು.

ನಮ್ಮ ಭಾವಮೈದನದು ತಿರುಮಕೂಡಲು ನರಸೀಪುರದಲ್ಲಿ ಪಾತ್ರೆ ಅಂಗಡಿ, ಕಾಂಪೊಸಿಷನ್‌ನಲ್ಲಿ ಇದ್ದಾನೆ. ಆಗಸ್ಟ್ 15ರಂದು ಪ್ರಧಾನಿಯವರು ಕೆಂಪುಕೋಟೆಯಲ್ಲಿ ಜಿಎಸ್‌ಟಿ ಇಳಿಸುವ ಮಾತಾಡಿದರು. ಸೆಪ್ಟೆಂಬರ್ 3ರಂದು ಕೌನ್ಸಿಲ್ ತೀರ್ಮಾನಿಸಿತು, 22ರಿಂದ ಜಾರಿ. ಸ್ಟೀಲು, ಅಲ್ಯೂಮಿನಿಯಂ, ಹಿತ್ತಾಳೆ ಪಾತ್ರೆಗಳಿಗೆ ಶೇ 12 ಇದ್ದದ್ದು ಶೇ 5 ಆಯಿತು. ಅವನು ಫೋನ್ ಮಾಡಿ, "ಭಾವ, ಹಳೇ ಸರಕು ಬಹಳ ಇದೆ, ಏನು ಮಾಡ್ಲಿ?" ಎಂದ. "ಬೆಲೆ ಇಳಿದ್ರೆ ವ್ಯಾಪಾರ ಹೆಚ್ಚುತ್ತೆ ಬಿಡೋ, ದೀಪಾವಳಿ ಹತ್ತಿರ ಇದೆ" ಎಂದುಬಿಟ್ಟೆ. ಅದು ನನ್ನ ತಪ್ಪು.

ಲೆಕ್ಕ ನೋಡಿ. ಗೋದಾಮಿನಲ್ಲಿ ತೆರಿಗೆ ಬಿಟ್ಟು 6 ಲಕ್ಷ ರೂಪಾಯಿಯ ಪಾತ್ರೆ ಇದ್ದರೆ ಅದರ ಮೇಲೆ ಮೊದಲೇ ಕೊಟ್ಟ ತೆರಿಗೆ 72 ಸಾವಿರ. ಸೆಪ್ಟೆಂಬರ್ 22ರ ನಂತರ ಅದೇ ಸರಕನ್ನು ಪಕ್ಕದ ಅಂಗಡಿಯವನು 30 ಸಾವಿರ ತೆರಿಗೆಗೆ ತರಬಹುದು. ಸಾಮಾನ್ಯ ನೋಂದಣಿಯವರಿಗೆ ಹಳೆಯ 72 ಸಾವಿರ ಖಾತೆಯಲ್ಲಿ ಜಮೆ ಇರುತ್ತದೆ, ನಿಧಾನವಾಗಿ ವಜಾ ಮಾಡಿಕೊಳ್ಳುತ್ತಾರೆ. ಕಾಂಪೊಸಿಷನ್‌ನವನಿಗೆ ಆ ತೆರಿಗೆ ಸರಕಿನ ಬೆಲೆಯೊಳಗೇ ಕರಗಿಹೋಗಿರುತ್ತದೆ. ಪೈಪೋಟಿಗೆ ಬೆಲೆ ಇಳಿಸಿದರೆ 42 ಸಾವಿರ ಕೈಯಿಂದ ಹೋಯಿತು ಎಂದೇ ಅರ್ಥ.

ಇದಕ್ಕೆ ದಾರಿ ಇತ್ತು. ವರ್ಷದ ಮಧ್ಯದಲ್ಲೂ ಸಿಎಂಪಿ-04 ಸಲ್ಲಿಸಿ ಕಾಂಪೊಸಿಷನ್‌ನಿಂದ ಹೊರಬರಬಹುದು. ಹಾಗೆ ಬಂದವರು ಹಿಂದಿನ ದಿನ ಅಂಗಡಿಯಲ್ಲಿದ್ದ ಸರಕಿನ ಮೇಲೆ, ಬಿಲ್ಲು ಒಂದು ವರ್ಷದೊಳಗಿನದಾದರೆ, ಕೊಟ್ಟಿದ್ದ ತೆರಿಗೆಯನ್ನು ಮೂವತ್ತು ದಿನದೊಳಗೆ ಐಟಿಸಿ-01 ನಮೂನೆಯಲ್ಲಿ ಜಮೆ ಕೇಳಬಹುದು. ಅವನ ಸರಕಿಗೆಲ್ಲ ಬಿಲ್ಲು ಇತ್ತು. ನನಗೆ ಈ ನಿಯಮ ತಿಳಿದದ್ದು ದೀಪಾವಳಿ ಕಳೆದ ಮೇಲೆ. ಅಷ್ಟರಲ್ಲಿ ಅವನು ಹಳೆಯ ಸರಕನ್ನು ಹೊಸ ಬೆಲೆಗೆ ಮಾರಿ ಮುಗಿಸಿದ್ದ. ಅವನು ಒಂದು ಮಾತೂ ಆಡಲಿಲ್ಲ, ಅದೇ ನನಗೆ ಹೆಚ್ಚು ನೋವು. ದರ ಇಳಿದದ್ದು ಜನರಿಗೆ ಒಳ್ಳೆಯದೇ. ತುಪ್ಪ, ಬೆಣ್ಣೆ, ಹಲ್ಲುಪುಡಿ 12ರಿಂದ 5ಕ್ಕೆ, ಸೋಪು, ತಲೆಎಣ್ಣೆ, ಬಿಸ್ಕತ್ತು 18ರಿಂದ 5ಕ್ಕೆ ಬಂದವು. 1913ರಿಂದ ಹಲ್ಲುಪುಡಿಗೆ ಹೆಸರಾದ ಸದ್ವೈದ್ಯಶಾಲೆಯ ಊರಿನವನಾಗಿ ಆ ಒಂದು ಸಾಲು ಓದಿ ಖುಷಿಪಟ್ಟೆ. ಆದರೆ ಇಳಿಕೆಯ ದಿನ ಗೋದಾಮಿನಲ್ಲಿ ಸರಕು ತುಂಬಿದ್ದವನ ಕಷ್ಟ ಯಾವ ಭಾಷಣದಲ್ಲೂ ಬರಲಿಲ್ಲ.

ಅಕ್ಕಿಯ ಕಥೆ ಇನ್ನೊಂದು. ಕಾವೇರಿ, ಕಪಿಲೆಯ ನೀರಿನ ಈ ಸೀಮೆಯಲ್ಲಿ ಭತ್ತ, ಅಕ್ಕಿಯೇ ಮುಖ್ಯ ವ್ಯಾಪಾರ. ಮೊದಲು ನೋಂದಾಯಿತ ಬ್ರಾಂಡಿನ ಅಕ್ಕಿಗೆ ಮಾತ್ರ ತೆರಿಗೆ ಇತ್ತು. 2022ರ ಜುಲೈ 18ರಿಂದ, ಬ್ರಾಂಡ್ ಇರಲಿ ಬಿಡಲಿ, 25 ಕಿಲೋವರೆಗಿನ ಚೀಲಕ್ಕೆ ಮೊದಲೇ ತುಂಬಿ ಲೇಬಲ್ ಹಾಕಿದ್ದರೆ ಶೇ 5 ಬಿತ್ತು. 1,500 ರೂಪಾಯಿಯ ಚೀಲಕ್ಕೆ 75 ರೂಪಾಯಿ. ಗಿರಣಿಯವರು ಸುಮ್ಮನಿರುತ್ತಾರೆಯೇ? 26 ಕಿಲೋ ಚೀಲ ಬಂತು. 25 ಮೀರಿದರೆ ತೆರಿಗೆ ಇಲ್ಲ. ಈಗ ಗಿರಾಕಿಗಳೇ "ಇಪ್ಪತ್ತಾರರ ಮೂಟೆ ಕೊಡಿ" ಎಂದು ಕೇಳುತ್ತಾರೆ. 2025ರ ಇಳಿಕೆಯಲ್ಲೂ ಈ ಶೇ 5 ಹಾಗೇ ಉಳಿಯಿತು. ಚಿಲ್ಲರೆ ಅಂಗಡಿಯವರು ನೆನಪಿಡಬೇಕಾದದ್ದು ಇಷ್ಟು: ದೊಡ್ಡ ಮೂಟೆ ಬಿಚ್ಚಿ ಗಿರಾಕಿಯ ಕಣ್ಣೆದುರು ತೂಗಿ ಕೊಟ್ಟರೆ ತೆರಿಗೆ ಇಲ್ಲ. ಬಿಡುವಿನ ಹೊತ್ತಿನಲ್ಲಿ ಒಂದೊಂದು ಕಿಲೋ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿ ಜೋಡಿಸಿಟ್ಟರೆ ಅದು ತೆರಿಗೆಯ ಸರಕು, ಜೊತೆಗೆ ತೂಕ ಮತ್ತು ಅಳತೆ ಇಲಾಖೆಯ ನಿಯಮದಂತೆ ಕಟ್ಟಿದವರ ಹೆಸರು, ವಿಳಾಸ, ತೂಕ, ಬೆಲೆ ಎಲ್ಲವೂ ಅದರ ಮೇಲೆ ಇರಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸುವುದನ್ನೂ ಮರೆಯಬೇಡಿ.

ಬಾಡಿಗೆಯ ಮೇಲೂ ತೆರಿಗೆ ಬಂದಿದೆ ಎಂಬುದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. 2024ರ ಅಕ್ಟೋಬರ್ 10ರಿಂದ, ಮಳಿಗೆಯ ಮಾಲೀಕರು ಜಿಎಸ್‌ಟಿಯಲ್ಲಿ ಇಲ್ಲದೆ ಬಾಡಿಗೆದಾರ ಇದ್ದರೆ, ಬಾಡಿಗೆಯ ಮೇಲಿನ ಶೇ 18 ತೆರಿಗೆಯನ್ನು ಬಾಡಿಗೆದಾರನೇ ಸರ್ಕಾರಕ್ಕೆ ಕಟ್ಟಬೇಕು. 8,000 ಬಾಡಿಗೆಗೆ ತಿಂಗಳಿಗೆ 1,440 ರೂ. ಕಾಂಪೊಸಿಷನ್‌ನವರಿಗೆ 2025ರ ಜನವರಿ 16ರಿಂದ ಇದರಿಂದ ಬಿಡುಗಡೆ ಸಿಕ್ಕಿದೆ. ಸಾಮಾನ್ಯ ನೋಂದಣಿಯವರು ಕಟ್ಟಿ ನಂತರ ವಜಾ ಮಾಡಿಕೊಳ್ಳಬಹುದು. ಆದರೆ ಬಿಡಿ ಅಕ್ಕಿಯಂಥ ವಿನಾಯಿತಿ ಸರಕೇ ಹೆಚ್ಚು ಮಾರುವವರಿಗೆ ಆ ಭಾಗದ ವಜಾ ಸಿಗುವುದಿಲ್ಲ, ಅದು ನೇರ ಖರ್ಚು. ಹಾಗಾಗಿ ದಿನಸಿಯವರು ಕಾಂಪೊಸಿಷನ್ನೋ ಸಾಮಾನ್ಯವೋ ಎಂದು ಆರಿಸುವಾಗ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇದು ದೆಹಲಿ, ಬೆಂಗಳೂರಿನ ಮಾತಾಯಿತು. ಊರಿನ ಖರ್ಚು ಬೇರೆಯೇ ಇದೆ. ನಂಜನಗೂಡಿನಲ್ಲಿ ನಗರಸಭೆ, ನರಸೀಪುರದಲ್ಲಿ ಪುರಸಭೆ, ಎರಡು ಕಡೆಯೂ ಉದ್ದಿಮೆ ಪರವಾನಗಿ ಪ್ರತಿ ವರ್ಷ ನವೀಕರಿಸಬೇಕು. ಜಿಎಸ್‌ಟಿಗೆ ಸೇರಿದವರಿಗೆ ವೃತ್ತಿ ತೆರಿಗೆ ವರ್ಷಕ್ಕೆ 2,500 ರೂ. ಆಸ್ತಿ ತೆರಿಗೆ ಮಾರ್ಗಸೂಚಿ ದರವನ್ನು ಹಿಡಿದು ಹೋಗುತ್ತದೆ. 2023ರ ಅಕ್ಟೋಬರ್‌ನಲ್ಲಿ ರಾಜ್ಯದಾದ್ಯಂತ ಆ ದರ ಏರಿದ ಮೇಲೆ ಮಳಿಗೆ ಮಾಲೀಕರು ಬಾಡಿಗೆಗೂ ಕೈಹಾಕಿದರು. ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 14.3ರಿಂದ 18.4ಕ್ಕೆ, 2025ರ ಏಪ್ರಿಲ್‌ನಲ್ಲಿ 21.17ಕ್ಕೆ ಏರಿತು. ಬಂಡಿಪಾಳ್ಯದ ಎಪಿಎಂಸಿಯಿಂದ ನಂಜನಗೂಡಿಗೆ ಒಂದು ಲೋಡ್ ಬರಬೇಕಾದರೆ ಡೀಸೆಲ್, ಕಡಕೊಳದ ಟೋಲ್, ಎರಡೂ ಕಡೆಯ ಹಮಾಲಿ ಸೇರಿ ಮೂಟೆಯ ಮೇಲೆ ಕೂರುತ್ತವೆ. ಕಪಿಲೆ ತುಂಬಿದ 2018, 2019ರಂಥ ವರ್ಷ ಮಲ್ಲನಮೂಲೆ ಮಠದ ಬಳಿ ರಸ್ತೆಯೇ ಮುಳುಗಿ, ಸರಕು ಸುತ್ತಿ ಬಳಸಿ ಬಂದದ್ದೂ ಉಂಟು. ಗುಂಡ್ಲುಪೇಟೆ ದಾಟಿ ಕೇರಳಕ್ಕೆ ಮಾಲು ಕಳಿಸುವವರಿಗೆ 2009ರಿಂದ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ಕಾಡುಪ್ರಾಣಿಗಳ ಜೀವ ಉಳಿಯುವ ಈ ನಿಷೇಧಕ್ಕೆ ನನ್ನ ಒಪ್ಪಿಗೆ ಇದೆ, ವ್ಯಾಪಾರಿ ಮಿತ್ರರು ಬೈದುಕೊಂಡರೂ ಸರಿ.

ಕರೆಂಟಿನ ವಿಷಯ. 2023ರ ಜುಲೈ ಬಳಕೆಯಿಂದ ಬಂದ ಗೃಹಜ್ಯೋತಿ ಮನೆಗೆ ಮಾತ್ರ, ಅಂಗಡಿಗಲ್ಲ. ಮುಂದೆ ಅಂಗಡಿ, ಹಿಂದೆ ಮನೆ ಇರುವವರು ಒಂದೇ ಮೀಟರ್‌ನಲ್ಲಿ ಎರಡನ್ನೂ ನಡೆಸುತ್ತಿದ್ದರೆ ಬೇರೆ ಮಾಡಿಸಿಕೊಳ್ಳುವುದು ಕ್ಷೇಮ. 2025ರ ಏಪ್ರಿಲ್‌ನಿಂದ ವಿದ್ಯುತ್ ನೌಕರರ ಪಿಂಚಣಿಗೆಂದು ಯೂನಿಟ್ಟಿಗೆ 36 ಪೈಸೆ ಸೇರಿದೆ. ಸೆಸ್ಕ್ ಬಿಲ್ಲಿನಲ್ಲಿ ನಿಗದಿತ ಶುಲ್ಕ ಎಂಬ ಸಾಲನ್ನು ನೋಡಿ. ಅದು ನಾವು ಉರಿಸಿದ್ದಕ್ಕಲ್ಲ, ಮಂಜೂರಾದ ಕಿಲೋವ್ಯಾಟ್‌ಗೆ. ಹಿಂದೆ ಐಸ್‌ಕ್ರೀಂ ಪೆಟ್ಟಿಗೆ ಇಟ್ಟಿದ್ದಾಗ ಹೆಚ್ಚಿಸಿಕೊಂಡ ಲೋಡನ್ನು ಈಗ ಇಳಿಸಿಕೊಳ್ಳಲು ಅರ್ಜಿ ಕೊಟ್ಟರೆ ಪ್ರತಿ ತಿಂಗಳೂ ಉಳಿತಾಯ.

ಗ್ಯಾರಂಟಿ ಯೋಜನೆಗಳಿಂದ ವ್ಯಾಪಾರ ಹೆಚ್ಚಿತೋ ಕಡಿಮೆಯಾಯಿತೋ ಎಂದು ಕೇಳುವವರಿದ್ದಾರೆ. ಎರಡೂ ಆಗಿದೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ ಉಚಿತ. ನಂಜನಗೂಡಿನಿಂದ ಮೈಸೂರು ಸುಮಾರು 25 ಕಿ.ಮೀ., ನರಸೀಪುರದಿಂದ ಸುಮಾರು 30. ಟಿಕೆಟ್ ಖರ್ಚಿಲ್ಲ ಎಂದಮೇಲೆ ಸೀರೆಗೆ ದೇವರಾಜ ಅರಸು ರಸ್ತೆ, ಪಾತ್ರೆಗೆ ಸಂತೇಪೇಟೆ. ಬಟ್ಟೆ, ಪಾತ್ರೆ ಅಂಗಡಿಗಳಿಗೆ ಇದರ ಹೊಡೆತ ಬಿದ್ದಿದೆ. ಆದರೆ ಅದೇ ಬಸ್ಸಿನಲ್ಲಿ ಶ್ರೀಕಂಠೇಶ್ವರನ ದರ್ಶನಕ್ಕೆ ಬರುವ ಹೆಣ್ಣುಮಕ್ಕಳಿಂದ ಹೂವು, ಕಾಯಿ, ಹೋಟೆಲಿನವರ ವ್ಯಾಪಾರ ಕುದುರಿದೆ. ಗೃಹಲಕ್ಷ್ಮಿಯ 2,000 ರೂ. ಖಾತೆಗೆ ಬಿದ್ದ ವಾರ ನಮ್ಮಲ್ಲಿ ಹಳೆಯ ಉದ್ರಿ ಚುಕ್ತಾ ಆಗುತ್ತದೆ, ತಡವಾದ ತಿಂಗಳು ಉದ್ರಿ ಪುಸ್ತಕ ದಪ್ಪವಾಗುತ್ತದೆ. ಅನ್ನಭಾಗ್ಯದಲ್ಲಿ 2023ರ ಜುಲೈನಿಂದ ಐದು ಕಿಲೋ ಅಕ್ಕಿಯ ಬದಲು ತಲೆಗೆ 170 ರೂ. ಕೊಟ್ಟಾಗ ಆ ಹಣದಲ್ಲಿ ಸ್ವಲ್ಪ ನಮ್ಮ ಅಂಗಡಿಗೂ ಬಂತು. 2025ರಲ್ಲಿ ಮತ್ತೆ ಅಕ್ಕಿಯನ್ನೇ ಕೊಟ್ಟ ಮೇಲೆ ಕಡಿಮೆ ದರದ ಅಕ್ಕಿಯ ಮಾರಾಟ ಬಿತ್ತು. ಬಡವರ ಮನೆಯಲ್ಲಿ ಒಲೆ ಉರಿಯುವ ವಿಷಯದಲ್ಲಿ ನನ್ನ ತಕರಾರಿಲ್ಲ. ಯಾವ ಯೋಜನೆ ಯಾವಾಗ ಬದಲಾಗುತ್ತದೆ ಎಂದು ಮೊದಲೇ ತಿಳಿದರೆ ನಾವು ಅಷ್ಟು ಮೂಟೆ ಕಡಿಮೆ ತರಿಸಿಕೊಳ್ಳುತ್ತೇವೆ, ಇಷ್ಟೇ ನನ್ನ ಕೋರಿಕೆ.

ಸಾಲದ ವಿಷಯ ಎರಡು ಮಾತು. ಸಾಲಕ್ಕೆ ಬ್ಯಾಂಕಿಗೆ ಹೋಗುವ ಮೊದಲು ಉದ್ಯಮ್ ನೋಂದಣಿ ಮಾಡಿಸಿ. ಅದು ಉಚಿತ, ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿ. 2021ರ ಜುಲೈನಿಂದ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳೂ ಅದರಲ್ಲಿ ಸೇರಿ ಆದ್ಯತಾ ವಲಯದ ಸಾಲ ಕೇಳಬಹುದು. ಮುದ್ರಾದಲ್ಲಿ 10 ಲಕ್ಷದವರೆಗೆ, ಹಿಂದಿನ ಸಾಲ ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೆ ಅವಕಾಶವಿದೆ. ಜೈನ ಸಮಾಜಕ್ಕೆ 2014ರ ಜನವರಿಯಲ್ಲಿ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನ ಸಿಕ್ಕಿದ್ದರಿಂದ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಸ್ವಯಂ ಉದ್ಯೋಗ ಯೋಜನೆಗಳಿಗೂ ನಮ್ಮ ಯುವಕರು ಅರ್ಜಿ ಹಾಕಬಹುದು. ಅದಕ್ಕೆ ಆದಾಯ ಮಿತಿ ಇದೆ, ಪ್ರಮಾಣಪತ್ರಗಳನ್ನು ಮೊದಲೇ ಸಿದ್ಧ ಮಾಡಿಕೊಳ್ಳಿ.

ಇನ್ನೊಂದು ಮುಖ್ಯ ಮಾತು. ಅಂಗಡಿಯ ಕ್ಯೂಆರ್‌ಗೆ ಬೇರೆ ಬ್ಯಾಂಕ್ ಖಾತೆ ಇಟ್ಟುಕೊಳ್ಳಿ. ಮಗಳ ಮದುವೆಗೆ ನೆಂಟರು ಕಳಿಸಿದ ಹಣ, ಚೀಟಿ ಹಣ, ಕೈಗಡ ವಾಪಸ್ ಬಂದದ್ದು ಎಲ್ಲವೂ ಒಂದೇ ಖಾತೆಗೆ ಬಿದ್ದರೆ, ಅದೆಲ್ಲ ವ್ಯಾಪಾರವಲ್ಲ ಎಂದು ನಾಲ್ಕು ವರ್ಷದ ನಂತರ ಸಾಬೀತು ಮಾಡಬೇಕಾದವರು ನಾವೇ. ಪರಿಚಯದವರೊಬ್ಬರ ಪಾಸ್‌ಬುಕ್ ಹಿಡಿದು ಮೂರು ಸಂಜೆ ಕೂತು ಸಾಲು ಸಾಲಾಗಿ ಗುರುತು ಹಾಕಿದ್ದೇನೆ. ಸಂಜೆ ಎಂದರೆ ಅಂಗಡಿಯಲ್ಲಿ ಗಿರಾಕಿಯ ಹೊತ್ತು, ನನಗೆ ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ಹೊತ್ತೂ ಅದೇ. ಡಬ್ಬಿ ಊಟ ಮಾಡುತ್ತಲೇ ಲೆಕ್ಕ ನೋಡಿದ್ದಾಯಿತು.

ಹೊಸ ಆರ್ಥಿಕ ವರ್ಷದಿಂದ ಸಾಮಾನ್ಯ ನೋಂದಣಿ ಬಿಟ್ಟು ಕಾಂಪೊಸಿಷನ್‌ಗೆ ಹೋಗಬೇಕೆನ್ನುವವರು ಸಿಎಂಪಿ-02 ನಮೂನೆಯನ್ನು ಮಾರ್ಚ್ 31ರೊಳಗೆ ಸಲ್ಲಿಸಬೇಕು. ಆ ದಿನ ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ನಮ್ಮ ಭಾವಮೈದ ಮಾತ್ರ ತಿರುಗುಮುರುಗಾಗಿ ಯೋಚಿಸುತ್ತಿದ್ದಾನೆ. ಹೋಟೆಲು, ಛತ್ರದವರು ದೊಡ್ಡ ಪಾತ್ರೆಗೆ ತೆರಿಗೆ ಬಿಲ್ಲು ಕೇಳುತ್ತಾರೆ, ಕಾಂಪೊಸಿಷನ್‌ನಲ್ಲಿ ಅದನ್ನು ಕೊಡಲಾಗುವುದಿಲ್ಲ. ಹಾಗಾಗಿ ಹೊರಬರಬೇಕೆಂದಿದ್ದಾನೆ. ಹೊರಬರುವ ದಿನದ ಸರಕಿನ ಪಟ್ಟಿಯನ್ನು ಈ ಸಲ ನಾನೇ ಹೋಗಿ ಬಿಲ್ಲಿನ ಜೊತೆ ತಾಳೆ ನೋಡಿ ಬರೆದುಕೊಡುವುದಾಗಿ ಒಪ್ಪಿಕೊಂಡಿದ್ದೇನೆ.